ಸಿಟ್ಟಿಗೂ ಕೈಗೂ ನಡುವೆ



ನಮ್ಮ ತುಮಕೂರು ಕಡೆ ಎಲ್ಲಿಯಾದರೂ ಕೊಲೆಯಾದರೆ ಮರುದಿನ ಜನ ಮೊದಲು ಕೇಳುವುದು "ಯಾತರಲ್ಲಿ ಹೊಡೆದರಂತೆ?" ಎಂದು. ಹೆಚ್ಚು ಸಲ ಬರುವ ಉತ್ತರ, ಮಚ್ಚು. 2018ರ ಸೆಪ್ಟೆಂಬರ್ ಕೊನೆಯಲ್ಲಿ ನಗರದ ಬಟವಾಡಿಯಲ್ಲಿ ಮಾಜಿ ಮೇಯರ್ ಒಬ್ಬರನ್ನು ನಡುಬೀದಿಯಲ್ಲಿ ಕೊಚ್ಚಿ ಕೊಂದರು. 2022ರ ಜೂನ್‌ನಲ್ಲಿ ಗುಬ್ಬಿ ಪಟ್ಟಣದಲ್ಲಿ ಜನ ಓಡಾಡುವ ಹೊತ್ತಿನಲ್ಲೇ ದಲಿತ ಮುಖಂಡರೊಬ್ಬರ ಹತ್ಯೆಯಾಯಿತು. ಊರು ಬೆಚ್ಚಿತು, ಅಂಗಡಿಗಳು ಬಾಗಿಲು ಹಾಕಿದವು. ಆಮೇಲೆ ಎರಡು ಮಾತು ಎದುರುಬದುರಾದವು.

"ಮಚ್ಚು, ಲಾಂಗು ಹಿಂಗೆ ಬೀದೀಲಿ ಸಿಕ್ಕಿದ್ರೆ ಇನ್ನೇನಾಗುತ್ತೆ? ಮೊದಲು ಮಾರೋದು ನಿಲ್ಲಿಸ್ಬೇಕು" ಎನ್ನುವವರು ಒಂದು ಕಡೆ. "ಮಚ್ಚು ನಿಲ್ಸಿದ್ರೆ ಕಲ್ಲು ಎತ್ಕೋತಾರೆ. ಕೊಲ್ಲೋದು ಮನುಷ್ಯ, ಕಬ್ಬಿಣ ಅಲ್ಲ" ಎನ್ನುವವರು ಇನ್ನೊಂದು ಕಡೆ. ಬಂದೂಕಿನ ವಿಷಯದಲ್ಲಿ ಅಮೆರಿಕದವರು ಹತ್ತಾರು ವರ್ಷಗಳಿಂದ ಕಾದಾಡುತ್ತಿರುವುದೂ ಈ ಎರಡು ಮಾತಿನ ಮೇಲೆಯೇ. ಎರಡರಲ್ಲೂ ಒಂದಷ್ಟು ನಿಜವಿದೆ. ಆದರೆ ಎರಡೂ ಎಲ್ಲ ವಸ್ತುವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಬಂದೂಕು, ಮಚ್ಚು, ಆಸಿಡ್, ಕೀಟನಾಶಕ, ಈ ನಾಲ್ಕನ್ನೂ ಬಿಡಿಬಿಡಿಯಾಗಿ ನೋಡದೆ ನಿಷೇಧ ಬೇಕು ಅನ್ನುವುದೂ ಬೇಡ ಅನ್ನುವುದೂ ಅವಸರದ ಮಾತು. ಇವತ್ತು ಹಾಗೆ ಬಿಡಿಬಿಡಿಯಾಗಿ ನೋಡೋಣ.

ಮಚ್ಚಿನಿಂದಲೇ ಶುರು ಮಾಡುತ್ತೇನೆ. ನಮ್ಮದು ತೆಂಗಿನ ಸೀಮೆ. ಗುಬ್ಬಿ, ತಿಪಟೂರು, ತುರುವೇಕೆರೆ, ಕುಣಿಗಲ್ ಯಾವ ದಿಕ್ಕಿಗೆ ಹೋದರೂ ತೋಟ. ತೋಟವಿದ್ದ ಮನೆಯಲ್ಲಿ ಒಂದಲ್ಲ, ಎರಡು ಮೂರು ಮಚ್ಚು ಇರುತ್ತವೆ. ಗರಿ ಸವರಲು ಒಂದು, ಸೌದೆಗೆ ಒಂದು, ಎಳನೀರು ಕೊಚ್ಚಲು ಇನ್ನೊಂದು. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಪಕ್ಕ ಎಳನೀರಿನ ರಾಶಿ ಇಟ್ಟುಕೊಂಡು ಕೂತವರ ಕೈಲಿ ಬೆಳಗಿನಿಂದ ಸಂಜೆವರೆಗೆ ಹರಿತವಾದ ಮಚ್ಚು ಇರುತ್ತದೆ. ನಾವು ಒಂದಡಿ ದೂರದಲ್ಲಿ ಮಗುವಿನ ಕೈ ಹಿಡಿದು ನಿಂತು ಎಳನೀರು ಕುಡಿಯುತ್ತೇವೆ. ಯಾರಿಗೂ ಭಯವಾಗುವುದಿಲ್ಲ. ಆಯುಧಪೂಜೆಯ ದಿನ ಆ ಮಚ್ಚಿಗೂ ಕುಡುಗೋಲಿಗೂ ಗುದ್ದಲಿಗೂ ವಿಭೂತಿ ಬಳಿದು ಕುಂಕುಮ ಇಡುತ್ತೇವೆ. ಅದೇ ದಿನ ಪೊಲೀಸ್ ಠಾಣೆಯಲ್ಲಿ ಬಂದೂಕುಗಳಿಗೂ ಪೂಜೆ ನಡೆಯುತ್ತದೆ.

ಕಾನೂನು ಈ ಮಚ್ಚನ್ನು ಹೇಗೆ ನೋಡುತ್ತದೆ? 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲಿ ಮಾಡಿದ ನಿಯಮಗಳಲ್ಲಿ ಹರಿತವಾದ ಆಯುಧಗಳದ್ದೇ ಒಂದು ವರ್ಗವಿದೆ. ಕತ್ತಿ, ಬಾಕು, ಭರ್ಜಿ, ಈಟಿ ಇವುಗಳ ಜೊತೆಗೆ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಅಲಗಿರುವ ಚಾಕುಗಳು ಅದರಲ್ಲಿ ಸೇರುತ್ತವೆ. ಅಳತೆಯೊಂದನ್ನೇ ಹಿಡಿದರೆ ನಮ್ಮ ಕಡೆಯ ಮಚ್ಚುಗಳಲ್ಲಿ ಮುಕ್ಕಾಲು ಪಾಲು ಅಲ್ಲಿಗೇ ಹೋಗಿ ಬೀಳುತ್ತವೆ. ಆದರೆ ಮನೆಗೆಲಸಕ್ಕೆ, ಬೇಸಾಯಕ್ಕೆ, ಕೈಗಾರಿಕೆಗೆ ಎಂದು ಮಾಡಿದ ಅಲಗುಗಳನ್ನು ಆ ನಿಯಮವೇ ಹೊರಗಿಟ್ಟಿದೆ. ಇದು ವಿವೇಕದ ನಿಯಮ. ತೋಟದಲ್ಲಿದ್ದರೆ ಉಪಕರಣ. ಅದನ್ನೇ ಅಂಗಿಯೊಳಗೆ ಬೆನ್ನಿಗೆ ಸಿಕ್ಕಿಸಿಕೊಂಡು ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಪೊಲೀಸರು ಕೇಳುತ್ತಾರೆ, ಕೇಳಲೇಬೇಕು. ಕುಲುಮೆಯಲ್ಲಿ ಲಾರಿಯ ಹಳೆ ಪಟ್ಟಿಯನ್ನು ಬಡಿದು, ತೋಟದ ಯಾವ ಕೆಲಸಕ್ಕೂ ಬಾರದಷ್ಟು ಉದ್ದದ ಲಾಂಗು ಮಾಡಿಸಿಕೊಂಡವನು ಬೇಸಾಯಗಾರ ಎಂದು ಹೇಳಿಕೊಳ್ಳಲು ಬರುವುದಿಲ್ಲ.

ಹುಟ್ಟುಹಬ್ಬದ ಕೇಕನ್ನು ತಲವಾರಿನಲ್ಲಿ ಕತ್ತರಿಸಿ ವಿಡಿಯೊ ಹಾಕುವ ಹುಚ್ಚು ಬಂದ ಮೇಲೆ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕೇಸು ಹಾಕಿದ್ದಾರೆ. 2025ರ ಮಾರ್ಚ್‌ನಲ್ಲಿ ಲಾಂಗು ಹಿಡಿದು ರೀಲ್ಸ್ ಮಾಡಿದ್ದಕ್ಕೆ ಕಿರುತೆರೆಯಲ್ಲಿ ಹೆಸರಾದ ಇಬ್ಬರನ್ನು ಬೆಂಗಳೂರಿನಲ್ಲಿ ಬಂಧಿಸಿದ್ದೂ ಸುದ್ದಿಯಾಯಿತು. ಕೆಲವರಿಗೆ ಅದು ಅತಿಯಾಯಿತು ಅನ್ನಿಸಿತು. ನನಗೆ ಹಾಗನ್ನಿಸಲಿಲ್ಲ. 1995ರ 'ಓಂ' ಚಿತ್ರದಿಂದ ಈಚೆಗೆ ಮೂವತ್ತು ವರ್ಷ ನಮ್ಮ ಹುಡುಗರು ಪರದೆಯ ಮೇಲೆ ಲಾಂಗು ನೋಡಿಕೊಂಡೇ ಬೆಳೆದಿದ್ದಾರೆ. ಸಿನಿಮಾ ನೋಡಿ ಯಾರೂ ಕೊಲೆಗಾರರಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಹದಿನೇಳರ ಹುಡುಗನ ಕೈಗೆ ಲಾಂಗು ಗತ್ತಿನ ಒಡವೆಯಾಗಿ ಬಂದರೆ, ಜಗಳ ಬಂದ ದಿನ ಅದು ಅವನ ಕೈಯಲ್ಲೇ ಇರುತ್ತದೆ. ಅಪಾಯ ಇರುವುದು ಅಲ್ಲಿ.

ಹಾಗಾದರೆ ಮಚ್ಚು ಮಾರುವುದನ್ನೇ ನಿಲ್ಲಿಸಬೇಕೇ? ಸಾಧ್ಯವಿಲ್ಲ, ಸರಿಯೂ ಅಲ್ಲ. ತುಂಬ ಶಿಸ್ತಿನ ಆಡಳಿತವಿರುವ ಇಂಗ್ಲೆಂಡಿನವರೂ 2024ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿದ್ದು ಹೆದರಿಸಲೆಂದೇ ವಿಕಾರವಾಗಿ ಮಾಡಿಸುವ 'ಜಾಂಬಿ' ಮಾದರಿಯ ಚಾಕು ಮಚ್ಚುಗಳನ್ನು. ಅಡುಗೆಮನೆಯ ಈಳಿಗೆಯನ್ನೂ ತೋಟದ ಮಚ್ಚನ್ನೂ ಯಾವ ದೇಶವೂ ಮನೆಯಿಂದ ತೆಗೆಸಲಾರದು.

ಬಂದೂಕಿನ ಕತೆ ಬೇರೆ. ಬಂದೂಕು ಬೇಕು ಎನ್ನುವವರ ಮಾತಿಗೂ ನಮ್ಮ ನಾಡಿನಲ್ಲಿ ಒಂದು ನೋವಿನ ಇತಿಹಾಸವಿದೆ. ಅದನ್ನು ಹೇಳದೆ ಮುಂದೆ ಹೋದರೆ ನ್ಯಾಯವಾಗುವುದಿಲ್ಲ. 1857ರಲ್ಲಿ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾದವರಿಗೆ ಆಯುಧ ಕೊಡು ಎಂದರೆ ಅನ್ನ ಕೊಡು ಎಂದಂತೆ. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಹಳ್ಳಿಯನ್ನು ಮುತ್ತಿ ಬೆಂಕಿ ಇಟ್ಟಿತು, ಸೆರೆಸಿಕ್ಕ ಮುಖಂಡರನ್ನು ಗಲ್ಲಿಗೇರಿಸಿತು. ಉತ್ತರ ಕರ್ನಾಟಕದ ಲಾವಣಿಕಾರರು ಆ ಕತೆಯನ್ನು ಇಂದಿಗೂ ಹಾಡುತ್ತಾರೆ. ಅದೇ ಕಾಲದಲ್ಲಿ ಕೊಡಗಿನವರಿಗೆ ಬೇರೆಯೇ ನ್ಯಾಯ. ಬ್ರಿಟಿಷರಿಗೆ ನಿಷ್ಠರಾಗಿದ್ದರು ಎಂದು ಕೊಡಗಿನವರನ್ನು 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ನಿಶ್ಶಸ್ತ್ರೀಕರಣದಿಂದ ಹೊರಗಿಟ್ಟ. ಸ್ವತಂತ್ರ ಭಾರತವೂ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಪರವಾನಗಿ ವಿನಾಯಿತಿಯನ್ನು ಮುಂದುವರಿಸಿದೆ. 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ವಿಸ್ತರಿಸಿದರು. ಪ್ರಶ್ನಿಸಿ ಹೋದ ಅರ್ಜಿಯಲ್ಲಿ 2021ರಲ್ಲಿ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು.

ಕೊಡಗಿನ ಮನೆಗಳಲ್ಲಿ ಬಂದೂಕು ಕೈಲ್‌ಪೊಳ್ದ್ ಹಬ್ಬಕ್ಕೆ ತೋಕ್‌ಪೂ ಎಂಬ ಹೂವನ್ನು ಮುಡಿಯುತ್ತದೆ. ಮಗು ಹುಟ್ಟಿದಾಗಲೂ ಸಾವಾದಾಗಲೂ ಅದರ ಸದ್ದು ಕೇಳುತ್ತದೆ. ಅಲ್ಲಿ ಅದನ್ನು ಯಾವಾಗ ಎತ್ತಬೇಕು, ಯಾವಾಗ ಎತ್ತಬಾರದು ಎಂಬುದನ್ನು ಹಿರಿಯರು ಕಲಿಸಿಕೊಟ್ಟಿರುತ್ತಾರೆ. ಕಾನೂನು ಬಿಟ್ಟ ಜಾಗವನ್ನು ಪದ್ಧತಿ ತುಂಬಿದೆ. ಆ ಪದ್ಧತಿ ಇಲ್ಲದ ಊರಿಗೆ ಬಂದೂಕನ್ನು ಮಾತ್ರ ಸಾಗಿಸಿದರೆ ಕೊಡಗು ಅದರ ಹಿಂದೆ ಬರುವುದಿಲ್ಲ.

1878ರ ಶಸ್ತ್ರ ಕಾಯ್ದೆ ಭಾರತೀಯರಿಗೆ ಒಂದು ನಿಯಮ, ಯುರೋಪಿಯನ್ನರಿಗೆ ಇನ್ನೊಂದು ಎಂದು ಮಾಡಿತ್ತು. ಅಹಿಂಸೆಯ ಗಾಂಧೀಜಿಯೇ 1930ರಲ್ಲಿ ವೈಸರಾಯ್ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಬಂದೂಕಿನ ಪರವಾನಗಿ ಕೊಡಬೇಕೆಂಬುದೂ ಒಂದಾಗಿತ್ತು. ಪರರ ಆಳ್ವಿಕೆಯಲ್ಲಿ ಅದು ಮಾನದ ಪ್ರಶ್ನೆ. ನಮ್ಮದೇ ಸಂವಿಧಾನ ಬರೆಯುವ ಹೊತ್ತಿಗೆ ಪ್ರಶ್ನೆ ತಿರುಗಿತ್ತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಆಯುಧ ಇಟ್ಟುಕೊಳ್ಳುವುದನ್ನು ಮೂಲಭೂತ ಹಕ್ಕು ಮಾಡಬೇಕೆಂದು ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಅಪರಾಧವನ್ನೇ ಕಸುಬು ಮಾಡಿಕೊಂಡವನೂ ನಾಳೆ ಅದೇ ಹಕ್ಕು ಕೇಳುತ್ತಾನೆ ಎಂಬುದು ಅವರ ವಾದದ ತಿರುಳು. ಸಭೆ ಅಂಬೇಡ್ಕರರ ಜೊತೆ ನಿಂತಿತು. ಹಲಗಲಿಯ ನೆನಪಿಗೆ ಕೈಮುಗಿಯುತ್ತಲೇ ನಾನೂ ಅವರ ಜೊತೆಗೇ ನಿಲ್ಲುತ್ತೇನೆ.

ಹಾಗೆಂದು ಕಾಯ್ದೆ ರೈತನನ್ನು ಮರೆತಿಲ್ಲ. 1959ರ ಕಾಯ್ದೆಯ 13ನೇ ಕಲಮಿನಲ್ಲಿ ನಿಜವಾಗಿ ಬೆಳೆ ಕಾಯಲು ಮದ್ದು ತುಂಬುವ ಬಂದೂಕಿಗೆ ಪರವಾನಗಿ ಕೊಡಲು ಪ್ರತ್ಯೇಕ ಅವಕಾಶವೇ ಇದೆ. ನಮ್ಮ ಹಳ್ಳಿಗಳಲ್ಲಿ ಹಳೆಯ ಮನೆಗಳ ಗೋಡೆಯ ಮೇಲಿರುವ ಒಂಟಿ ನಳಿಕೆಯ ಬಂದೂಕುಗಳು ಹೀಗೆ ಬಂದವು. ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು, ಠಾಣೆಯಿಂದ ವರದಿ ಬರಬೇಕು. ಹೊಸ ನಿಯಮದಂತೆ ಬಂದೂಕು ಬಳಸುವ ತರಬೇತಿಯೂ ಆಗಿರಬೇಕು. ಒಬ್ಬರಿಗೆ ಮೂರು ಬಂದೂಕಿನವರೆಗೆ ಇದ್ದ ಮಿತಿಯನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಎಂದಿತು. ಚುನಾವಣೆ ಬಂತೆಂದರೆ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಆದೇಶ ಬರುತ್ತದೆ. ಕಾಡಂಚಿನ ರೈತರು "ಹಂದಿ ಚುನಾವಣೆ ನೋಡ್ಕೊಂಡು ಬರುತ್ತಾ?" ಎಂದು ಗೊಣಗುತ್ತಾರೆ. ಅವರ ಕಷ್ಟ ನಿಜ. ಯಾರಿಂದ ಭಯವಿದೆ, ಯಾರಿಂದ ಇಲ್ಲ ಎಂದು ನೋಡಿ ತೀರ್ಮಾನಿಸಲು ಜಿಲ್ಲಾ ಮಟ್ಟದಲ್ಲಿ ಸಮಿತಿ ಇರುತ್ತದೆ. ಅದು ಹೆಸರಿಗೆ ಮಾತ್ರ ಸೇರದೆ ಒಂದೊಂದು ಅರ್ಜಿಯನ್ನೂ ನೋಡಬೇಕು.

2019ರ ಅಕ್ಟೋಬರ್‌ನಿಂದ 2020ರ ಫೆಬ್ರುವರಿವರೆಗಿನ ಆ ಚಳಿಗಾಲವನ್ನು ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಗಡಿಭಾಗದವರು ಮರೆಯಲಾರರು. ಚಿರತೆ ಒಬ್ಬರಾದ ಮೇಲೆ ಒಬ್ಬರನ್ನು ಕೊಂದಿತು. ಗುಬ್ಬಿ ತಾಲ್ಲೂಕಿನ ಮಣಿಕುಪ್ಪೆ, ಹೆಬ್ಬೂರಿನ ಕಡೆಯ ಬೈಚೇನಹಳ್ಳಿ ಇಲ್ಲೆಲ್ಲ ಹೋದದ್ದು ಎಳೆಯ ಮಕ್ಕಳ ಜೀವ. ಸಂಜೆ ಆರಕ್ಕೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂರುತ್ತಿತ್ತು. ಆಗ ಎದ್ದ ಕೂಗು: "ನಮಗೆ ಬಂದೂಕು ಕೊಡಿ, ನಾವೇ ನೋಡ್ಕೋತೀವಿ." ಮಗುವನ್ನು ಕಳೆದುಕೊಂಡ ಮನೆಯ ಎದುರು ನಿಂತು ಆ ಕೂಗನ್ನು ತಪ್ಪು ಎನ್ನುವ ಧೈರ್ಯ ನನಗಿಲ್ಲ. ಆದರೂ ಆ ಸಾವುಗಳನ್ನು ಒಂದೊಂದಾಗಿ ನೆನೆದು ನೋಡಿದರೆ, ಮನೆಯೊಳಗೆ ಬಂದೂಕಿದ್ದಿದ್ದರೆ ಯಾವ ಸಾವು ತಪ್ಪುತ್ತಿತ್ತು ಎಂದು ಹೇಳುವುದು ಕಷ್ಟ. ಚಿರತೆ ಬಂದದ್ದು ಪೊದೆಯಿಂದ, ಕಣ್ಣುರೆಪ್ಪೆ ಮಿಟುಕಿಸುವಷ್ಟರಲ್ಲಿ, ಬೈಲಲ್ಲಿದ್ದವರ ಮೇಲೆ, ಆಡುತ್ತಿದ್ದ ಮಕ್ಕಳ ಮೇಲೆ. ಬೇಕಿದ್ದದ್ದು ಬೀದಿದೀಪ, ಮನೆಯ ಸುತ್ತಲಿನ ಲಂಟಾನ ತೆಗೆಸುವುದು, ಹೊತ್ತಿಗೆ ಸರಿಯಾಗಿ ಬೋನು, ಅರಣ್ಯ ಇಲಾಖೆಗೆ ಬೇಕಾದಷ್ಟು ಸಿಬ್ಬಂದಿ. ಮನುಷ್ಯರ ಜೀವಕ್ಕೆ ಎರವಾದ ಚಿರತೆಯನ್ನು ಹಿಡಿಯಲು, ಹಿಡಿಯಲಾಗದಿದ್ದರೆ ಕೊಲ್ಲಲು ಆದೇಶ ಕೊಡುವ ಅಧಿಕಾರ 1972ರ ವನ್ಯಜೀವಿ ಕಾಯ್ದೆಯಲ್ಲಿ ಮುಖ್ಯ ವನ್ಯಜೀವಿ ಪಾಲಕರಿಗಿದೆ. ಭಯದ ರಾತ್ರಿಯಲ್ಲಿ ಊರಿನ ಇಪ್ಪತ್ತು ಜನ ಬಂದೂಕು ಹಿಡಿದು ಕತ್ತಲಲ್ಲಿ ಪೊದೆಗೆ ಗುರಿಯಿಟ್ಟರೆ ಮೊದಲು ಬೀಳುವುದು ಚಿರತೆಯೇ ಎಂದು ಯಾರು ಹೇಳಬಲ್ಲರು?

ಇದೇ ಜಾಗದಲ್ಲಿ ಇನ್ನೊಂದು ವಸ್ತುವಿನ ಮಾತೂ ಬರುತ್ತದೆ. ಬೈಕಿನ ಕ್ಲಚ್ ವೈರು. ಹಂದಿ ತಡೆಯಲೆಂದು ಬೇಲಿಗೆ ಕಟ್ಟುವ ಉರುಳು ಅದರಿಂದಲೇ ಆಗುತ್ತದೆ, ಚಿರತೆಯೂ ಅದಕ್ಕೇ ಸಿಕ್ಕಿ ಸಾಯುತ್ತದೆ. ಕ್ಲಚ್ ವೈರನ್ನು ನಿಷೇಧಿಸಿ ಎಂದು ಯಾರೂ ಕೇಳುವುದಿಲ್ಲ. ಉರುಳು ಕಟ್ಟುವುದನ್ನು ಹಿಡಿಯಿರಿ, ಹಂದಿ ತಿಂದ ಬೆಳೆಗೆ ಪರಿಹಾರ ಬೇಗ ಕೊಡಿ ಎಂದೇ ಕೇಳುತ್ತೇವೆ.

ಪರವಾನಗಿ ಇರುವ ಬಂದೂಕಿನ ಬಗ್ಗೆ ಇಷ್ಟು ಹೇಳಿದ ಮೇಲೆ ಪರವಾನಗಿ ಇಲ್ಲದ್ದರ ಬಗ್ಗೆ ಹೇಳಲೇಬೇಕು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಅವರವರ ಮನೆಯ ಬಾಗಿಲಲ್ಲೇ ಕೊಂದದ್ದು 7.65 ಎಂಎಂ ನಾಡಪಿಸ್ತೂಲಿನಿಂದ. ಎರಡೂ ಕಡೆ ಬಳಸಿದ್ದು ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ವರದಿ ಕೊಟ್ಟಿತು. ಒಂದು ಪಿಸ್ತೂಲು ಎರಡು ವರ್ಷ ಈ ನಾಡಿನಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿತ್ತು! ಬಿಹಾರದ ಮುಂಗೇರ್‌ನಲ್ಲಿ, ಮಧ್ಯಪ್ರದೇಶದ ಹಳ್ಳಿಗಳಲ್ಲಿ ಕದ್ದು ತಯಾರಾಗುವ ಪಿಸ್ತೂಲುಗಳು ಭೀಮಾತೀರಕ್ಕೆ ಬಂದು ಹೋಗುವುದನ್ನು ವಿಜಯಪುರದ ಪೊಲೀಸರು ಮತ್ತೆ ಮತ್ತೆ ಹಿಡಿದಿದ್ದಾರೆ. ಜಗತ್ತಿನ ಬಂದೂಕುಗಳ ಲೆಕ್ಕ ಹಾಕುವ ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆಯ 2018ರ ಅಂದಾಜಿನಂತೆ ಭಾರತದ ಜನರ ಕೈಯಲ್ಲಿ ಸುಮಾರು 7 ಕೋಟಿ ಬಂದೂಕುಗಳಿವೆ. ದಾಖಲೆಯಲ್ಲಿರುವುದು ಒಂದು ಕೋಟಿಗಿಂತ ಕಡಿಮೆ. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಮತ್ತು ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ ಇದನ್ನು ಗಂಭೀರವಾಗಿ ತೆಗೆದುಕೊಂಡು, ಅಮೆರಿಕದಂತೆ ಇಲ್ಲಿ ಆಯುಧ ಹಿಡಿಯುವುದು ಮೂಲಭೂತ ಹಕ್ಕಲ್ಲ ಎಂದು ಹೇಳಿತು.

"ನೋಡಿ, ಕಾನೂನಿದ್ದರೂ ಕಳ್ಳಬಂದೂಕು ಬಂತಲ್ಲ, ಹಾಗಾದರೆ ಕಾನೂನು ಯಾಕೆ?" ಎಂಬ ಮಾತು ಇಲ್ಲಿಗೆ ಬಂದೇ ಬರುತ್ತದೆ. ಸಂಚು ಹೂಡಿ, ಹಣ ಹೂಡಿ, ತಿಂಗಳುಗಟ್ಟಲೆ ಹೊಂಚು ಹಾಕುವವನನ್ನು ಪರವಾನಗಿ ನಿಯಮ ತಡೆಯಲಾರದು. ಅವನನ್ನು ಹಿಡಿಯುವುದು ತನಿಖೆಯ ಕೆಲಸ. ಆದರೆ ಕೊಲೆಗಳಲ್ಲಿ ಅಂಥವು ಎಷ್ಟು? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕೊಟ್ಟ 2022ರ ಲೆಕ್ಕದಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಅದರಲ್ಲಿ 9,962ಕ್ಕೆ ಕಾರಣ ಜಗಳ, ತಕರಾರು. ಹಳೆಯ ವೈರ 3,761. ಲಾಭದ ಆಸೆ 1,884. ಈ ಅಂಕಿಗಳನ್ನು ನಮ್ಮ ಊರಿನ ಕಣ್ಣಿನಿಂದ ಓದಿ. ಬದುವಿನ ಜಗಳ, ದಾರಿಯ ಜಗಳ, ಕೊಳವೆಬಾವಿಯ ಜಗಳ, ಕುಡಿದ ಮತ್ತಿನಲ್ಲಿ ಆಡಿದ ಒಂದು ಮಾತು. ಅವತ್ತು ಬೆಳಿಗ್ಗೆ ಎದ್ದಾಗ ಅವನಿಗೆ ಕೊಲ್ಲುವ ಯೋಚನೆ ಇರಲಿಲ್ಲ. ಸಿಟ್ಟು ನೆತ್ತಿಗೇರಿದ ಆ ಐದು ನಿಮಿಷದಲ್ಲಿ ಅವನ ಕೈಗೆ ಏನು ಸಿಕ್ಕಿತು ಎಂಬುದರ ಮೇಲೆ ಎದುರಿನವನು ಆಸ್ಪತ್ರೆಗೆ ಹೋಗುತ್ತಾನೋ ಸ್ಮಶಾನಕ್ಕೆ ಹೋಗುತ್ತಾನೋ ಎಂಬುದು ನಿಂತಿರುತ್ತದೆ.

ಇದಕ್ಕೆ ಒಂದೇ ದಿನದ ಎರಡು ಘಟನೆಗಳಿಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. 2012ರ ಡಿಸೆಂಬರ್ 14. ಚೀನಾದ ಹೆನಾನ್ ಪ್ರಾಂತ್ಯದ ಹಳ್ಳಿಯ ಶಾಲೆಯೊಂದಕ್ಕೆ ಒಬ್ಬ ಚಾಕು ಹಿಡಿದು ನುಗ್ಗಿದ. 23 ಮಕ್ಕಳಿಗೂ ಒಬ್ಬ ಮುದುಕಿಗೂ ಗಾಯವಾಯಿತು, ಕೆಲವು ಮಕ್ಕಳ ಗಾಯ ಭೀಕರವಾಗಿತ್ತು. ಆದರೆ ಯಾರೂ ಸಾಯಲಿಲ್ಲ. ಅದೇ ದಿನ ಅಮೆರಿಕದ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಗೆ ಇನ್ನೊಬ್ಬ ಬಂದೂಕು ಹಿಡಿದು ನುಗ್ಗಿದ. 20 ಮಕ್ಕಳು, 6 ಮಂದಿ ದೊಡ್ಡವರು ಹೋದರು. ಇಬ್ಬರ ಮನಸ್ಸಿನ ಕೇಡೂ ಒಂದೇ ಬಗೆಯದು. ಕೈಯಲ್ಲಿದ್ದ ವಸ್ತು ಬೇರೆ. ಕೊಲ್ಲುವುದು ಮನುಷ್ಯ, ವಸ್ತುವಲ್ಲ ಎನ್ನುವವರು ಈ ಎರಡು ಶಾಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳೂ ಅವರ ಟೀಚರೂ ಗುಂಡಿಗೆ ಬಲಿಯಾದ ಮೇಲೆ ಬ್ರಿಟನ್ ಮರುವರ್ಷವೇ ಕೈಬಂದೂಕುಗಳನ್ನು ನಿಷೇಧಿಸಿತು. ಅದೇ 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಜನ ಸತ್ತ ಮೇಲೆ ಆಸ್ಟ್ರೇಲಿಯ ಸರ್ಕಾರ ಜನರಿಂದ ಆರು ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ಹಣ ಕೊಟ್ಟು ವಾಪಸು ಪಡೆಯಿತು. ಜನರಿಗಿಂತ ಬಂದೂಕೇ ಹೆಚ್ಚಿರುವ ಅಮೆರಿಕದಲ್ಲಿ 2021ರಲ್ಲಿ ಗುಂಡಿನಿಂದ ಸತ್ತವರು 48,830. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು.

ಈ ಕೊನೆಯ ಮಾತು ನಮ್ಮನ್ನು ಔಷಧಿ ಬಾಟಲಿಯ ಹತ್ತಿರ ಕರೆತರುತ್ತದೆ. ನಮ್ಮ ಕಡೆ ಕೀಟನಾಶಕಕ್ಕೆ ಔಷಧಿ ಎಂದೇ ಹೇಳುತ್ತೇವೆ. 1990ರ ದಶಕದ ಕೊನೆಗೆ ನುಸಿಪೀಡೆ ತೆಂಗಿನ ತೋಟಗಳನ್ನು ಹಿಡಿದಾಗ ತುಮಕೂರು ಜಿಲ್ಲೆಯ ರೈತರಿಗೆ ಮನೆಮಾತಾದ ಹೆಸರು ಮಾನೋಕ್ರೋಟೋಫಾಸ್. ತೆಂಗಿನ ಎಳೆಬೇರಿಗೆ ಪೊಟ್ಟಣ ಕಟ್ಟಿ ಅದನ್ನು ಉಣಿಸುತ್ತಿದ್ದರು. ಕಪ್ಪುತಲೆ ಹುಳುವಿಗೂ ಅದೇ ಮದ್ದು. ಕೆಂಪು ತ್ರಿಕೋನದ ಆ ಬಾಟಲಿ ಎಷ್ಟೋ ಮನೆಗಳಲ್ಲಿ ಗೊಬ್ಬರದ ಚೀಲದ ಪಕ್ಕ, ಕೆಲವು ಕಡೆ ಅಡುಗೆಮನೆಯ ಅಟ್ಟದ ಮೇಲೇ ಇರುತ್ತಿತ್ತು.

2013ರಲ್ಲಿ ಬಿಹಾರದ ಶಾಲೆಯೊಂದರ ಬಿಸಿಯೂಟದಲ್ಲಿ ಅದು ಸೇರಿ 23 ಮಕ್ಕಳು ಸತ್ತರು. 2018ರ ಡಿಸೆಂಬರ್ 14ರಂದು ನಮ್ಮದೇ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಪ್ರಸಾದ ತಿಂದ ಭಕ್ತರು ಅಲ್ಲಲ್ಲೇ ಕುಸಿದರು. 17 ಜನ ಹೋದರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಪ್ರಸಾದದಲ್ಲಿ ಸಿಕ್ಕಿದ್ದು ಅದೇ ಮಾನೋಕ್ರೋಟೋಫಾಸ್. ದೇವಸ್ಥಾನದ ಆಡಳಿತ ಯಾರ ಕೈಯಲ್ಲಿರಬೇಕೆಂಬ ಜಗಳದಲ್ಲಿ ಬೇಕೆಂದೇ ಬೆರೆಸಿದರು ಎಂಬುದು ಪೊಲೀಸರ ಆರೋಪ. ಕೈಯಲ್ಲಿ ಮಚ್ಚಿದ್ದರೆ ಎದುರಾಳಿಯೊಬ್ಬನ ಮೇಲೆ ಎತ್ತಬೇಕಿತ್ತು, ಅವನ ಮುಖ ನೋಡಬೇಕಿತ್ತು. ವಿಷಕ್ಕೆ ಮುಖ ನೋಡುವ ಅಗತ್ಯವೇ ಇಲ್ಲ. ಅಮ್ಮನ ಸನ್ನಿಧಿಗೆ ಬಂದು ಹಸಿವಿಗೆ ಎರಡು ತುತ್ತು ತಿಂದ ಬಡವರು ಯಾರ ಜಗಳಕ್ಕೂ ಸಂಬಂಧವಿಲ್ಲದೆ ಸತ್ತರು. ನಾನು ಈ ವಿಷಯದಲ್ಲಿ ಗಟ್ಟಿಯಾಗಿ ನಿಷೇಧದ ಪರ.

ಶ್ರೀಲಂಕಾದವರು ಮಾನೋಕ್ರೋಟೋಫಾಸನ್ನು 1995ರಲ್ಲೇ ನಿಲ್ಲಿಸಿದರು. ಆಮೇಲೆ ಒಂದೊಂದಾಗಿ ಇನ್ನಷ್ಟು ಘೋರ ವಿಷಗಳನ್ನು ತೆಗೆದರು. ಮುಂದಿನ ಎರಡು ದಶಕದಲ್ಲಿ ಅಲ್ಲಿಯ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು, ಬೆಳೆಯ ಇಳುವರಿ ಕುಸಿಯಲಿಲ್ಲ. ಸಾಯಬೇಕೆಂದುಕೊಂಡವರು ಬೇರೆ ದಾರಿ ಹುಡುಕುತ್ತಾರೆ ಎಂಬ ಮಾತು ಅಲ್ಲಿ ಸುಳ್ಳಾಯಿತು. ಆ ಗಳಿಗೆ ದಾಟಿದ ಮೇಲೆ ಹೆಚ್ಚಿನವರು ಬದುಕನ್ನೇ ಹಿಡಿದುಕೊಂಡರು. ಇದನ್ನು ಕೇಳುತ್ತಿರುವವರಲ್ಲಿ ಯಾರಿಗಾದರೂ ಮನಸ್ಸು ಅಂಥ ಇಕ್ಕಟ್ಟಿನಲ್ಲಿದ್ದರೆ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಫೋನ್ ಮಾಡಿ. ಹಗಲುರಾತ್ರಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ, ದುಡ್ಡು ಕೊಡಬೇಕಿಲ್ಲ.

ನಮ್ಮ ಕೇಂದ್ರ ಸರ್ಕಾರ ಮಾನೋಕ್ರೋಟೋಫಾಸ್ 36 ಎಸ್‌ಎಲ್ ಅನ್ನು ನಿಷೇಧಿಸಿದ್ದು 2023ರ ಸೆಪ್ಟೆಂಬರ್ ಕೊನೆಯಲ್ಲಿ, ಶ್ರೀಲಂಕಾಕ್ಕಿಂತ ಇಪ್ಪತ್ತೆಂಟು ವರ್ಷ ತಡವಾಗಿ. ಇದ್ದ ದಾಸ್ತಾನನ್ನು ಮಾರಿ ಮುಗಿಸಲು ಅವಕಾಶವನ್ನೂ ಕೊಟ್ಟಿತು. ತಡವಾದರೂ ಒಳ್ಳೆಯದೇ ಆಯಿತು. ಆದರೆ ನಿಷೇಧಿಸಿದವರು ರೈತನಿಗೆ ಬದಲಿಯನ್ನು ಅವನ ತೋಟಕ್ಕೇ ತಲುಪಿಸಬೇಕು. ಕಪ್ಪುತಲೆ ಹುಳುವಿಗೆ ಗೋನಿಯೋಜಸ್ ಎಂಬ ಪರೋಪಜೀವಿ ಕಣಜವಿದೆ, ಬೇರಿಗೆ ಉಣಿಸಲು ಬೇವಿನಿಂದ ತೆಗೆದ ಔಷಧಿ ಇದೆ. ತೋಟಗಾರಿಕೆ ಇಲಾಖೆ ಈ ಕಣಜಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಕೊಡುತ್ತದೆ. ರೋಗ ಬಂದ ತೋಟಗಳಿಗೆಲ್ಲ ಹೊತ್ತಿಗೆ ಸಿಗುವಷ್ಟು ಬೆಳೆಸಬೇಕು. ಹಾಗಾಗದಿದ್ದರೆ ನಿಷೇಧವಾದ ಬಾಟಲಿಯೇ ಬೇರೆ ಹೆಸರಿನ ಚೀಟಿ ಅಂಟಿಸಿಕೊಂಡು ವಾಪಸು ಬರುತ್ತದೆ.

ಆಸಿಡ್‌ನ ವಿಷಯದಲ್ಲಿ ಆದೇಶವಿದೆ, ಕಣ್ಣಿಡುವವರು ಕಡಿಮೆ. 1999ರಲ್ಲಿ ಬೆಂಗಳೂರಿನ ಹಸೀನಾ ಹುಸೇನ್ ಅವರ ಮೇಲೆ ಅವರು ಕೆಲಸ ಬಿಟ್ಟ ಕಂಪನಿಯ ಮಾಲೀಕನೇ ಆಸಿಡ್ ಸುರಿದ. ಅವರು ಕಣ್ಣು ಕಳೆದುಕೊಂಡರು, ಹತ್ತಾರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಹೋರಾಟ ಬಿಡಲಿಲ್ಲ. 2006ರಲ್ಲಿ ಹೈಕೋರ್ಟ್ ಅಪರಾಧಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆಸಿಡ್ ದಾಳಿಗೆ ಒಳಗಾದ ಲಕ್ಷ್ಮಿ ಅವರ ಪ್ರಕರಣದಲ್ಲಿ ಅಂಗಡಿಯವರಿಗೆ ನಿಯಮ ಹಾಕಿತು: ಕೊಂಡವರ ಹೆಸರು, ವಿಳಾಸ, ಪ್ರಮಾಣ, ಕಾರಣ ಪುಸ್ತಕದಲ್ಲಿ ಬರೆಯಬೇಕು, ಗುರುತಿನ ಚೀಟಿ ನೋಡಬೇಕು, 18 ವರ್ಷದೊಳಗಿನವರಿಗೆ ಕೊಡಬಾರದು, ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಅಷ್ಟಾದರೂ 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸುಂಕದಕಟ್ಟೆಯಲ್ಲಿ ಯುವತಿಯೊಬ್ಬರ ಮೇಲೆ, 2024ರ ಮಾರ್ಚ್‌ನಲ್ಲಿ ಕಡಬದ ಕಾಲೇಜಿನ ಆವರಣದಲ್ಲೇ ಪರೀಕ್ಷೆಗೆ ಓದಿಕೊಳ್ಳುತ್ತಿದ್ದ ಮೂವರು ಹುಡುಗಿಯರ ಮೇಲೆ ಆಸಿಡ್ ದಾಳಿಯಾಯಿತು. ನಮ್ಮ ಬೀದಿಗಳಲ್ಲಿ ಫಿನಾಯಿಲ್ ಮಾರುವವರ ಗಾಡಿಯಲ್ಲಿ ಶೌಚಾಲಯ ತೊಳೆಯುವ ಆಸಿಡ್ ಹಳೆಯ ನೀರಿನ ಬಾಟಲಿಯಲ್ಲಿ ತುಂಬಿರುತ್ತದೆ. ಯಾರಾದರೂ ಪುಸ್ತಕದಲ್ಲಿ ಹೆಸರು ಬರೆದುಕೊಂಡದ್ದನ್ನು ನೋಡಿದ್ದೀರಾ? ನ್ಯಾಯಾಲಯ ದಾಸ್ತಾನು ಜಪ್ತಿ ಮಾಡಿ ದಂಡ ಹಾಕುವ ಅಧಿಕಾರವನ್ನು ಉಪವಿಭಾಗಾಧಿಕಾರಿಗೆ ಕೊಟ್ಟಿದೆ. ಆ ಅಧಿಕಾರ ಎಷ್ಟು ಸಲ ಬಳಕೆಯಾಯಿತು ಎಂದು ತುಮಕೂರಿನ ಹೆಣ್ಣುಮಕ್ಕಳ ಸಂಘಗಳು ಅರ್ಜಿ ಹಾಕಿ ಕೇಳಬೇಕು.

ಮತ್ತೆ ಮಚ್ಚಿಗೆ ಬರೋಣ. ಬಂದೂಕಿಗೆ ಪರವಾನಗಿ, ವಿಷಕ್ಕೆ ನಿಷೇಧ, ಆಸಿಡ್‌ಗೆ ಪುಸ್ತಕ. ಮಚ್ಚಿಗೆ ಇವು ಯಾವುವೂ ಸಲ್ಲುವುದಿಲ್ಲ. ಅದು ಮನೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಸಿಟ್ಟಿನಿಂದ ದೂರ ಇಡಲು ಆಗದಿದ್ದರೆ ಸಿಟ್ಟನ್ನೇ ಬೇಗ ಮುಟ್ಟಬೇಕು. ಅದಕ್ಕೆ ಕಾನೂನಿನಲ್ಲಿ ಹಳೆಯ ಉಪಾಯವೊಂದಿದೆ, ಮುಚ್ಚಳಿಕೆ. ಶಾಂತಿ ಕದಡುವ ಭಯವಿದ್ದಾಗ ಇಬ್ಬರನ್ನೂ ಕರೆಸಿ ಬರೆಸಿಕೊಳ್ಳುವುದು. ಹಿಂದೆ ಇದು ದಂಡಪ್ರಕ್ರಿಯಾ ಸಂಹಿತೆಯ 107ನೇ ಕಲಮು, 2024ರ ಜುಲೈಯಿಂದ ಹೊಸ ಸಂಹಿತೆಯಲ್ಲಿ 126. ನಿಜವಾಗಿ ಹೆದರಿದ ಬಡವ ದೂರು ಕೊಟ್ಟಾಗ ಅದನ್ನು ಚಾಡಿ ಎಂದು ತಳ್ಳದೆ ಆ ದಿನವೇ ಎದುರಿನವನನ್ನು ಕರೆಸಿದರೆ ಎಷ್ಟೋ ಜೀವ ಉಳಿಯುತ್ತವೆ.

ಅದಕ್ಕಿಂತ ಹಿಂದೆಯೂ ಒಂದು ಮೆಟ್ಟಿಲಿದೆ. ನಮ್ಮ ಹಳ್ಳಿಗಳಲ್ಲಿ ಮಚ್ಚು ಮೇಲೇಳುವ ಜಗಳಗಳಲ್ಲಿ ಬಹಳಷ್ಟು ನೆಲದವು. ಅಣ್ಣತಮ್ಮಂದಿರ ಭಾಗ ಬಾಯಿಮಾತಿನಲ್ಲಾಗಿರುತ್ತದೆ, ಪೋಡಿ ಆಗಿರುವುದಿಲ್ಲ. ಬದು ವರ್ಷಕ್ಕೆ ಒಂದು ಗೇಣು ಸರಿಯುತ್ತದೆ. ತೋಟಕ್ಕೆ ಹೋಗುವ ದಾರಿ ನಕಾಶೆಯಲ್ಲಿ ಒಂದು ಕಡೆ, ನೆಲದ ಮೇಲೆ ಇನ್ನೊಂದು ಕಡೆ. ಹದ್ದುಬಸ್ತಿಗೆ ಅರ್ಜಿ ಕೊಟ್ಟವನು ಸರ್ವೆಯರ್ ಬರಲಿ ಎಂದು ಕಾಯುತ್ತಾನೆ, ಕಾದು ಕಾದು ಒಂದು ದಿನ ತಾನೇ ಕಲ್ಲು ನೆಡಲು ಹೋಗುತ್ತಾನೆ. ಎದುರಿನವನು ತೋಟದಲ್ಲಿ ಗರಿ ಸವರುತ್ತಿರುತ್ತಾನೆ, ಮಚ್ಚು ಆಗಲೇ ಕೈಯಲ್ಲಿರುತ್ತದೆ. ಆ ಬೆಳಿಗ್ಗೆ ಅಲ್ಲಿ ಬೇಕಿದ್ದದ್ದು ಪೊಲೀಸರಲ್ಲ, ಅಳತೆಯ ಸರಪಳಿ ಹಿಡಿದ ಸರ್ವೆಯರ್. ಅಪರಾಧ ತಡೆಯುವ ಖರ್ಚು ಎಂದು ಸರ್ಕಾರ ಠಾಣೆಗೆ ಜೀಪು, ಬೀದಿಗೆ ಕ್ಯಾಮೆರಾ ಕೊಡುತ್ತದೆ. ಕೊಡಲಿ, ಬೇಕು. ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕು ಕಚೇರಿಗಳ ಸರ್ವೆ ವಿಭಾಗದ ಖಾಲಿ ಹುದ್ದೆಯನ್ನೂ ಅದೇ ಲೆಕ್ಕದಲ್ಲಿ ಬರೆದು ತುಂಬಬೇಕು ಎಂಬುದು ನನ್ನ ಬೇಡಿಕೆ.

ಕೊನೆಗೆ ಮನೆಯಲ್ಲೇ ಮಾಡಬಹುದಾದ ಎರಡು ಕೆಲಸ ಹೇಳಿಬಿಡುತ್ತೇನೆ. ತಾತನ ಕಾಲದ ಬಂದೂಕು ಅಟ್ಟದ ಮೇಲಿದ್ದು ಅದರ ಪರವಾನಗಿದಾರರು ತೀರಿಕೊಂಡಿದ್ದರೆ, ಅಥವಾ ಪರವಾನಗಿಯ ಅವಧಿ ಮುಗಿದಿದ್ದರೆ, ಅದನ್ನು ತಡಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಇರುವ ಬಂದೂಕು ಅಂಗಡಿಯಲ್ಲೋ ಒಪ್ಪಿಸಿ ರಸೀತಿ ತೆಗೆದುಕೊಳ್ಳಿ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮು ಹೇಳುವುದು ಅದನ್ನೇ. ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಿಕೊಳ್ಳಲೂ ನಿಯಮದಲ್ಲಿ ಅವಕಾಶವಿದೆ. ಇನ್ನೊಂದು, ಕೆಂಪು ತ್ರಿಕೋನದ ಹಳೆ ಬಾಟಲಿ ಮನೆಯಲ್ಲಿದ್ದರೆ ಅದನ್ನು ಕೆರೆಗಾಗಲಿ ಚರಂಡಿಗಾಗಲಿ ಸುರಿಯಬೇಡಿ, ಖಾಲಿ ಬಾಟಲಿಯಲ್ಲಿ ಎಣ್ಣೆ ತುಂಬಿಸಿ ಇಡಬೇಡಿ. ಬೀಗ ಹಾಕುವ ಪೆಟ್ಟಿಗೆಯಲ್ಲಿ ಮಕ್ಕಳ ಕೈಗೆ ಸಿಗದಂತೆ ಇಟ್ಟು, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಬೀಗದ ಕೀ ಮನೆಯಲ್ಲಿ ಯಾರ ಹತ್ತಿರ ಇರಬೇಕೆಂದು ಇವತ್ತೇ ಎಲ್ಲರೂ ಕೂತು ತೀರ್ಮಾನಿಸಿ.